ಹಚ್ಚುವ ಕೈ, ನೆಕ್ಕುವ ನಾಲಗೆ

ಮನುಷ್ಯನು ಕಾಡಿನಿಂದ ಊರಿಗೆ ಕರೆತಂದ ಪ್ರಾಣಿಗಳಲ್ಲಿ ನಾಯಿಯೇ ಮೊದಲಿನದು. ಹಸು, ಕುರಿ, ಕುದುರೆಗಳು ನಮ್ಮ ಅಂಗಳವನ್ನು ಸೇರುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಅದು ನಮ್ಮ ಪೂರ್ವಿಕರ ಬೆಂಕಿಯ ಬಳಿಗೆ ಬಂದು ಕುಳಿತಿತ್ತು. ಅಂದಿನಿಂದ ಇಂದಿನವರೆಗೆ ಅದು ನಮ್ಮ ಎಂಜಲನ್ನುಂಡು ನಮ್ಮ ಬಾಗಿಲನ್ನು ಕಾದಿದೆ. ಈ ಋಣವನ್ನು ಕನ್ನಡ ನಾಡು ಮರೆತಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. ೯೪೯-೫೦ರ ಶಾಸನವು ಕಾಳಿ ಎಂಬ ಹೆಸರಿನ ಒಂದು ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ಗಂಗರ ದೊರೆ ಬೂತುಗನ ಸೇವಕನಾದ ಮಣಲೆರನು ಯುದ್ಧದಲ್ಲಿ ಶೌರ್ಯವನ್ನು ಮೆರೆದಾಗ, ದೊರೆಯು ಮೆಚ್ಚಿ ಬೇಕಾದುದನ್ನು ಕೇಳೆಂದನು. ಮಣಲೆರನು ಬೇಡಿದ್ದು ಆ ನಾಯಿಯನ್ನು. ಮುಂದೆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗಾಗಿ ನಿಲ್ಲಿಸಿದ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವೀರರಿಗೆ ಸಲ್ಲುವ ಕಲ್ಲು ಒಂದು ನಾಯಿಗೂ ಸಂದಿತು ಎಂಬುದು ನಮ್ಮ ನಾಡಿಗೆ ಭೂಷಣವಾದ ಸಂಗತಿ.

ಉತ್ತರ ಕರ್ನಾಟಕದಲ್ಲಂತೂ ನಾಯಿಯ ಸ್ಥಾನ ಇನ್ನೂ ಹತ್ತಿರದ್ದು. ಮೈಲಾರಲಿಂಗನ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ ಸೇವೆ ಸಲ್ಲಿಸುತ್ತಾರೆ. ಆ ದೇವರ ಭಂಡಾರವೆಂದರೆ ಅರಿಶಿನದ ಪುಡಿ. ಮುಧೋಳದ ಬೇಟೆನಾಯಿಯ ಹೆಸರನ್ನು ಕೇಳದವರು ವಿರಳ. ನೀಳವಾದ ಮೋರೆ, ಸಣ್ಣ ನಡು, ಉದ್ದನೆಯ ಕಾಲು, ಗಾಳಿಯಂತಹ ಓಟ ಇವು ಅದರ ಲಕ್ಷಣಗಳು. ಮುಧೋಳ ಸಂಸ್ಥಾನದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆಸ್ಥೆಯಿಂದ ಬೆಳೆಸಿದರು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಯ ರಕ್ಷಣೆಗೆಂದೇ ಶ್ವಾನ ಸಂಶೋಧನಾ ಕೇಂದ್ರವೊಂದು ನಡೆಯುತ್ತಿದೆ.

ಮುಧೋಳಕ್ಕೆ ನೆರೆಯದಾದ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂತಹ ಊರುಗಳಲ್ಲಿ ನಾಯಿಯು ಅಲಂಕಾರಕ್ಕಾಗಿ ಸಾಕುವ ಪ್ರಾಣಿಯಲ್ಲ. ಅದು ಕುರಿಯ ದಡ್ಡಿಯನ್ನು ಕಾಯುತ್ತದೆ, ಹೊಲದ ಜೋಳಕ್ಕೆ ನುಗ್ಗುವ ಹಂದಿಯನ್ನು ಓಡಿಸುತ್ತದೆ, ಕಣದಲ್ಲಿ ರಾಶಿಯ ಪಕ್ಕದಲ್ಲಿ ಮಲಗುತ್ತದೆ. ಮನೆಯ ಮಕ್ಕಳು ಶಾಲೆಯಿಂದ ಬರುವ ಹೊತ್ತನ್ನು ಗಡಿಯಾರವಿಲ್ಲದೆಯೇ ಅರಿತು ಓಣಿಯ ತುದಿಯಲ್ಲಿ ನಿಂತಿರುತ್ತದೆ. ಇಂತಹ ಜೀವಕ್ಕೆ ಮೈಯಲ್ಲಿ ಕಜ್ಜಿಯೋ ಗಾಯವೋ ಆದರೆ ಮನೆಯವರ ಮನಸ್ಸು ಮರುಗುವುದು ಸಹಜ. ಮರುಗಿದ ಮನಸ್ಸು ಏನಾದರೂ ಮಾಡಬೇಕೆನ್ನುತ್ತದೆ. ಕೈಯು ಗೋಡೆಯ ಮಾಡದತ್ತ ಚಾಚುತ್ತದೆ. ಅಲ್ಲಿ ನಾವು ನಮ್ಮ ಚರ್ಮಕ್ಕೆಂದು ಇಟ್ಟುಕೊಂಡ ಎಣ್ಣೆ, ಮುಲಾಮು, ಪುಡಿ, ಲೇಪಗಳಿವೆ. ನಮಗೆ ಗುಣವಾದುದು ನಾಯಿಗೂ ಗುಣವಾಗಲೇಬೇಕೆಂದು ಅದನ್ನೇ ಬೆರಳಿಗೆ ತೆಗೆದುಕೊಂಡು ಹಚ್ಚುತ್ತೇವೆ. ಇಲ್ಲಿಯೇ ವಿವೇಕವು ಒಂದು ಕ್ಷಣ ನಿಂತು ಪ್ರಶ್ನಿಸಬೇಕಾಗಿದೆ: ಮನುಷ್ಯನ ಚರ್ಮಕ್ಕೆ ಹಿತವಾದ ವಸ್ತು ನಾಯಿಯ ದೇಹಕ್ಕೂ ಹಿತವಾಗಿರುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾಯಿಯ ದೇಹಕ್ಕೂ ನಮ್ಮ ದೇಹಕ್ಕೂ ಇರುವ ನಾಲ್ಕು ಭೇದಗಳನ್ನು ತಿಳಿಯಬೇಕು.

ಮೊದಲನೆಯದು ನಾಲಗೆ. ನಾವು ಕೈಗೆ ಹಚ್ಚಿಕೊಂಡ ಮುಲಾಮು ಕೈಯಲ್ಲಿಯೇ ಉಳಿಯುತ್ತದೆ. ನಾಯಿಯ ಮೈಗೆ ಹಚ್ಚಿದ್ದು ಮೈಯಲ್ಲಿ ಉಳಿಯುವುದಿಲ್ಲ. ತನ್ನ ಮೈಯನ್ನು ನೆಕ್ಕಿ ಶುಚಿಗೊಳಿಸಿಕೊಳ್ಳುವುದು ಅದರ ಹುಟ್ಟುಗುಣ. ಗಾಯವಿದ್ದ ಕಡೆಯಲ್ಲಂತೂ ಅದು ಬಿಡದೆ ನೆಕ್ಕುತ್ತದೆ. ಆದುದರಿಂದ ನಾವು ಚರ್ಮಕ್ಕೆಂದು ಹಚ್ಚಿದ್ದು ಸ್ವಲ್ಪ ಹೊತ್ತಿನಲ್ಲಿಯೇ ಹೊಟ್ಟೆಯನ್ನು ಸೇರುತ್ತದೆ. ನಾಯಿಯ ಪಾಲಿಗೆ ಲೇಪನವೆಂಬುದು ಬೇರೆಯಿಲ್ಲ, ಹಚ್ಚಿದ್ದೆಲ್ಲವೂ ತಿನ್ನಿಸಿದಂತೆಯೇ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನ ವಿಚಾರಗಳೆಲ್ಲ ತಾವಾಗಿ ತಿಳಿಯುತ್ತವೆ.

ಎರಡನೆಯದು ಚರ್ಮ. ನಾಯಿಗೆ ದಟ್ಟವಾದ ಕೂದಲಿರುವುದರಿಂದ ಅದರ ಚರ್ಮವೂ ಒರಟಾಗಿರಬೇಕೆಂದು ನಾವು ತಿಳಿಯುತ್ತೇವೆ. ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ಅದರ ಚರ್ಮದ ಹೊರಪದರವು ನಮ್ಮದಕ್ಕಿಂತ ತೆಳುವಾದುದು. ನಮ್ಮ ಚರ್ಮದ ಮೇಲ್ಮೈ ತುಸು ಆಮ್ಲಗುಣವುಳ್ಳದ್ದು. ನಾಯಿಯದು ಹೆಚ್ಚುಕಡಿಮೆ ತಟಸ್ಥವಾದುದು. ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲವೂ ಅದಕ್ಕಿಲ್ಲ. ಬೆವರಿನ ನೀರು ಅದಕ್ಕೆ ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ ಮಾತ್ರ ಬರುತ್ತದೆ. ಮುಧೋಳ ನಾಯಿಯಂತಹ ತಳಿಗಳಿಗೆ ಕೂದಲು ಗಿಡ್ಡವಾಗಿದ್ದು, ಹಚ್ಚಿದ ವಸ್ತು ನೇರವಾಗಿ ಚರ್ಮವನ್ನೇ ತಾಗುತ್ತದೆ.

ಮೂರನೆಯದು ತೂಕ. ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನಿಗೆ ಒಂದು ಗ್ರಾಂ ಔಷಧ ಅತ್ಯಲ್ಪವೆನಿಸಬಹುದು. ಅದೇ ಒಂದು ಗ್ರಾಂ ಮೂರು ಕಿಲೋಗ್ರಾಂ ತೂಕದ ಮರಿಯ ಹೊಟ್ಟೆಗೆ ಹೋದರೆ, ತೂಕದ ಲೆಕ್ಕದಲ್ಲಿ ಅದು ಇಪ್ಪತ್ತು ಪಟ್ಟು ಹೆಚ್ಚಿನ ಪ್ರಮಾಣವಾಯಿತು. ಹದಿನಾರನೆಯ ಶತಮಾನದಲ್ಲಿ ಬಾಳಿದ ಯುರೋಪಿನ ವೈದ್ಯ ಪ್ಯಾರಾಸೆಲ್ಸಸ್‌ನು ಯಾವ ವಸ್ತುವೂ ತನಗೆ ತಾನೇ ವಿಷವಲ್ಲವೆಂದೂ, ಪ್ರಮಾಣವೇ ಅದನ್ನು ವಿಷವಾಗಿಸುತ್ತದೆಂದೂ ವಾದಿಸಿದನು. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ.

ನಾಲ್ಕನೆಯದು ದೇಹದ ಒಳಗಿನ ರಸಾಯನ ವ್ಯಾಪಾರ. ಸೇವಿಸಿದ ವಸ್ತುಗಳನ್ನು ಒಡೆದು ಹೊರಹಾಕುವ ಕೆಲಸವನ್ನು ಯಕೃತ್ತು ಮಾಡುತ್ತದೆ. ಈ ಕೆಲಸಕ್ಕೆ ಬೇಕಾದ ಸಾಧನಗಳು ಎಲ್ಲ ಪ್ರಾಣಿಗಳಲ್ಲಿಯೂ ಒಂದೇ ಬಗೆಯಾಗಿಲ್ಲ. ಮಕ್ಕಳು ಆಸೆಪಟ್ಟು ತಿನ್ನುವ ಚಾಕೊಲೇಟಿನಲ್ಲಿರುವ ಒಂದು ಅಂಶವನ್ನು ನಾಯಿಯ ದೇಹವು ಬೇಗನೆ ಹೊರಹಾಕಲಾರದು. ಆದ್ದರಿಂದ ಅದು ನಾಯಿಗೆ ವಿಷವಾಗುತ್ತದೆ. ಸಕ್ಕರೆಗೆ ಬದಲಾಗಿ ಬಳಸುವ ಝೈಲಿಟಾಲ್ ಎಂಬ ಸಿಹಿಯು ಮನುಷ್ಯನಿಗೆ ನಿರಪಾಯಕರ. ನಾಯಿಯಲ್ಲಿ ಅದು ಇನ್ಸುಲಿನ್ ರಸವನ್ನು ಒಮ್ಮೆಲೇ ಉಕ್ಕಿಸಿ, ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಕೆಲವು ಹಲ್ಲುಜ್ಜುವ ಪೇಸ್ಟುಗಳಲ್ಲಿಯೂ ಚರ್ಮದ ಲೇಪಗಳಲ್ಲಿಯೂ ಇದು ಇರುತ್ತದೆ.

ಈ ನಾಲ್ಕು ಭೇದಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಳ್ಳಿಯ ಒಂದು ಸಾಧಾರಣ ಮನೆಯನ್ನು ಒಳಹೊಕ್ಕು ನೋಡೋಣ.

ಅಡುಗೆಮನೆಯಿಂದಲೇ ಆರಂಭಿಸಬಹುದು. ಇಲ್ಲಿ ಭಯಪಡುವಂತಹುದು ಹೆಚ್ಚಿಲ್ಲ. ಅರಿಶಿನವು ನಾಯಿಗೆ ವಿಷವಲ್ಲ. ಚಿಕ್ಕ ತರಚುಗಾಯಕ್ಕೆ ಅದನ್ನು ಹಚ್ಚಿದರೆ ಕೇಡಿಲ್ಲ. ಆದರೆ ಆಳವಾದ ಗಾಯಕ್ಕೆ ಅರಿಶಿನವನ್ನು ತುಂಬಿ ಸುಮ್ಮನಿದ್ದುಬಿಟ್ಟರೆ, ಮೇಲೆ ಹಳದಿಯ ಹೊದಿಕೆ ಉಳಿದು ಒಳಗೆ ಕೀವು ಬೆಳೆಯುತ್ತದೆ. ಇಲ್ಲಿ ಕೆಡುಕು ಅರಿಶಿನದ್ದಲ್ಲ, ಅಷ್ಟರಿಂದಲೇ ಸಾಕೆಂದು ತಿಳಿದ ನಮ್ಮ ನಂಬಿಕೆಯದು. ಕಡಲೆಹಿಟ್ಟು ನಿರಪಾಯಕರ. ಕೊಬ್ಬರಿ ಎಣ್ಣೆಯೂ ವಿಷವಲ್ಲ. ಒಣಗಿ ಬಿರಿದ ಪಾದದ ಮೆತ್ತೆಗೆ ತುಸು ಸವರಬಹುದು. ಅದನ್ನು ಮೈತುಂಬ ಸುರಿದರೆ ನಾಯಿಯು ಅಷ್ಟನ್ನೂ ನೆಕ್ಕಿ ಭೇದಿಯಿಂದ ಬಳಲುತ್ತದೆ. ನಾಯಿಗೆ ತುಪ್ಪ ದಕ್ಕದು ಎಂಬ ಮಾತು ನಮ್ಮಲ್ಲಿದೆ. ಯೋಗ್ಯತೆಯಿಲ್ಲದವರನ್ನು ಹಳಿಯಲು ಇದನ್ನು ಬಳಸುತ್ತೇವೆ. ಆದರೆ ಅದರೊಳಗೆ ದೇಹಧರ್ಮವನ್ನು ಕಂಡುಕೊಂಡ ಹಿರಿಯರ ಅನುಭವವೂ ಅಡಗಿದೆ. ಜಿಡ್ಡು ಮಿತಿಮೀರಿದರೆ ನಾಯಿಯ ಹೊಟ್ಟೆ ಕೆಡುವುದಲ್ಲದೆ, ಮೇದೋಜೀರಕ ಗ್ರಂಥಿಯು ಊದಿಕೊಂಡು ಪ್ರಾಣಕ್ಕೇ ಸಂಕಟ ಬರುವುದುಂಟು. ಹರಳೆಣ್ಣೆಯು ಮನುಷ್ಯನಿಗೆ ಹೇಗೋ ಹಾಗೆ ನಾಯಿಗೂ ಭೇದಿಯನ್ನು ಉಂಟುಮಾಡುತ್ತದೆ. ನಿಂಬೆಯ ರಸವು ತೆಳುವಾದ ಚರ್ಮವನ್ನೂ ತೆರೆದ ಗಾಯವನ್ನೂ ಉರಿಸುತ್ತದೆ. ಎಲೆಯಡಿಕೆಯ ಸಂಚಿಯಲ್ಲಿರುವ ಸುಣ್ಣವಂತೂ ಚರ್ಮವನ್ನೂ ನಾಲಗೆಯನ್ನೂ ಸುಡುವ ಕ್ಷಾರ. ಅದು ನಾಯಿಯ ಮೈಗೆ ಎಂದಿಗೂ ಸೋಕಬಾರದು.

ಹಿತ್ತಲಿನಲ್ಲಿ ಲೋಳೆಸರವಿದೆ, ಬೇವಿನ ಮರವಿದೆ. ಲೋಳೆಸರದ ಎಲೆಯಲ್ಲಿ ಎರಡು ವಸ್ತುಗಳಿವೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಒಳಗಿನ ತಿಳಿಯಾದ ಲೋಳೆ ಒಂದು. ಸಿಪ್ಪೆಯ ಕೆಳಗೆ ಒಸರುವ ಕಹಿಯಾದ ಹಳದಿ ಹಾಲು ಇನ್ನೊಂದು. ಲೋಳೆಯು ಸೌಮ್ಯವಾದುದು. ಹಳದಿ ಹಾಲು ತೀಕ್ಷ್ಣವಾದ ವಿರೇಚಕ. ಎಲೆಯನ್ನು ಮುರಿದು ಹಾಗೆಯೇ ಗಾಯಕ್ಕೆ ಉಜ್ಜಿದರೆ ಎರಡೂ ಸೇರಿ ಮೈಗೆ ಹತ್ತುತ್ತವೆ; ನಾಯಿ ನೆಕ್ಕಿದಾಗ ವಾಂತಿಭೇದಿಗಳು ಕಾಣಿಸಿಕೊಳ್ಳುತ್ತವೆ. ಬೇವಿನ ಎಲೆಯನ್ನು ಕುದಿಸಿ ಆರಿಸಿದ ನೀರಿನಿಂದ ಮೈ ತೊಳೆಯುವುದು ಬೇರೆ, ಬೇವಿನ ಬೀಜದ ಗಟ್ಟಿ ಎಣ್ಣೆಯನ್ನು ಹಾಗೆಯೇ ಬಳಿಯುವುದು ಬೇರೆ. ಮೊದಲನೆಯದು ಸೌಮ್ಯ, ಎರಡನೆಯದು ಚರ್ಮವನ್ನು ಕೆರಳಿಸಿ, ಹೊಟ್ಟೆಗೆ ಹೋದಾಗ ವಾಂತಿಯನ್ನು ತರಿಸುತ್ತದೆ.

ಬಚ್ಚಲಿನಲ್ಲಿ ಸಾಬೂನಿದೆ. ನಾವು ಸ್ನಾನಕ್ಕೆ ಬಳಸುವ ಸಾಬೂನುಗಳಲ್ಲಿ ಬಹುಪಾಲು ಕ್ಷಾರಗುಣವುಳ್ಳವು. ಒಮ್ಮೆ ಅದರಿಂದ ತೊಳೆದರೆ ನಾಯಿ ಸಾಯುವುದಿಲ್ಲ. ವಾರವಾರವೂ ತೊಳೆಯುತ್ತಿದ್ದರೆ ಮಾತ್ರ ಅದರ ಚರ್ಮವನ್ನು ಕಾಯುವ ಸಹಜವಾದ ಜಿಡ್ಡು ತೊಳೆದುಹೋಗಿ, ಚರ್ಮವು ಒಣಗಿ, ತುರಿಕೆ ಹೆಚ್ಚುತ್ತದೆ. ತುರಿಕೆ ಹೆಚ್ಚಿತೆಂದು ಇನ್ನಷ್ಟು ತೊಳೆದರೆ ರೋಗವನ್ನು ನಾವೇ ಸಾಕಿದಂತಾಯಿತು.

ಇನ್ನು ಗೋಡೆಯ ಮಾಡವನ್ನು ನೋಡಬೇಕು. ಹಿಂದೆ ಅಲ್ಲಿ ಎಣ್ಣೆಯ ಗಿಂಡಿ, ವಿಭೂತಿಯ ಗಟ್ಟಿ, ಕುಂಕುಮದ ಭರಣಿಗಳಿರುತ್ತಿದ್ದವು. ಈಗ ಅವುಗಳೊಂದಿಗೆ ಔಷಧದ ಅಂಗಡಿಯಿಂದ ತಂದ ಕೊಳವೆಗಳೂ ಸೀಸೆಗಳೂ ಸೇರಿವೆ. ನಿಜವಾದ ಅಪಾಯವಿರುವುದು ಇವುಗಳಲ್ಲಿ. ಪೆಟ್ರೋಲಿಯಂ ಜೆಲ್ಲಿಯಂತಹ ಕೆಲವು ಅಷ್ಟೇನೂ ಕೆಡುಕಲ್ಲ. ಹೆಚ್ಚು ತಿಂದರೆ ಭೇದಿಯಾದೀತು. ಆದರೆ ಎಲ್ಲವೂ ಅಂತಹವಲ್ಲ.

ತುರಿಕೆಗೆ ಹಚ್ಚುವ ನಸುಗೆಂಪು ಬಣ್ಣದ ಕ್ಯಾಲಮೈನ್ ದ್ರವ, ಮಕ್ಕಳ ತೊಡೆಸಂದಿಗೆ ಹಚ್ಚುವ ಬಿಳಿಯ ಲೇಪ, ಬಿಸಿಲಿನಿಂದ ರಕ್ಷಿಸಿಕೊಳ್ಳಲು ಬಳಸುವ ಅನೇಕ ಲೇಪಗಳು, ಇವುಗಳಲ್ಲಿ ಸತುವಿನ ಆಕ್ಸೈಡ್ ಎಂಬ ವಸ್ತುವಿದೆ. ಒಂದೆರಡು ಬಾರಿ ನೆಕ್ಕಿದ ನಾಯಿಗೆ ವಾಂತಿಯಾಗುತ್ತದೆ. ದಿನದಿನವೂ ಹಚ್ಚುತ್ತ, ಅದು ದಿನದಿನವೂ ನೆಕ್ಕುತ್ತ ಹೋದರೆ ಸತುವು ರಕ್ತವನ್ನು ಸೇರಿ ಕೆಂಪುಕಣಗಳನ್ನು ಒಡೆಯತೊಡಗುತ್ತದೆ. ಆಗ ವಸಡು ಬಿಳಿಚಿಕೊಳ್ಳುತ್ತದೆ ಇಲ್ಲವೆ ಹಳದಿಗಟ್ಟುತ್ತದೆ. ಮೂತ್ರದ ಬಣ್ಣ ಕಪ್ಪಾಗುತ್ತದೆ. ನಾಯಿಯು ನಿಲ್ಲಲಾರದಷ್ಟು ಸೊರಗುತ್ತದೆ. ಗುಣವಾಗಲೆಂದು ಹಚ್ಚಿದ ಕೈಯೇ ಅದನ್ನು ಕುಗ್ಗಿಸಿದೆ ಎಂಬುದು ಮನೆಯವರಿಗೆ ಹೊಳೆಯುವುದೂ ಇಲ್ಲ.

ಮೊಡವೆ, ಆಣಿ, ಹಿಮ್ಮಡಿಯ ಬಿರುಕುಗಳಿಗೆ ಬಳಸುವ ಔಷಧಗಳಲ್ಲಿ ಸ್ಯಾಲಿಸಿಲಿಕ್ ಆಮ್ಲವಿದೆ. ಅದರ ಬಂಧುವೇ ಆದ ಇನ್ನೊಂದು ವಸ್ತು ನೋವಿನ ಮುಲಾಮುಗಳಲ್ಲಿದೆ. ಇವು ನಾಯಿಯ ಜಠರದ ಒಳಪದರವನ್ನು ಕೊರೆದು ಹುಣ್ಣನ್ನು ಉಂಟುಮಾಡುತ್ತವೆ. ಅಂತಹ ಮುಲಾಮುಗಳಲ್ಲಿ ಕರ್ಪೂರವೂ ಇರುತ್ತದೆ. ಕರ್ಪೂರವು ಹೊಟ್ಟೆಗೆ ಹೋದರೆ ನಡುಕವನ್ನೂ ಸೆಳವನ್ನೂ ತರಬಲ್ಲದು. ಆಸ್ಟ್ರೇಲಿಯದ ಒಂದು ಮರದಿಂದ ತೆಗೆಯುವ ಟೀ ಟ್ರೀ ಎಣ್ಣೆಯು ಇತ್ತೀಚಿನ ವರ್ಷಗಳಲ್ಲಿ ಮೊಡವೆಯ ಮದ್ದಾಗಿ ಊರೂರನ್ನು ತಲುಪಿದೆ. ಗಿಡಮರಗಳಿಂದ ಬಂದದ್ದು ಕೆಡುಕಾಗಲಾರದೆಂಬ ಭ್ರಮೆಯನ್ನು ಒಡೆಯಲು ಇದೊಂದೇ ಸಾಕು. ನೀರು ಬೆರೆಸದ ಈ ಎಣ್ಣೆಯ ಕೆಲವೇ ಹನಿಗಳನ್ನು ನಾಯಿಯ ಚರ್ಮಕ್ಕೆ ಹಚ್ಚಿದರೂ ಅದು ಒಳಗಿಳಿದು, ಜೊಲ್ಲು ಸುರಿಸಿ, ಮೈಯನ್ನು ನಡುಗಿಸಿ, ಹಿಂಗಾಲುಗಳ ಬಲವನ್ನು ಕಸಿದುಕೊಳ್ಳುತ್ತದೆ.

ಕೆಲವು ಔಷಧಗಳನ್ನು ನಾವು ನಾಯಿಗೆ ಹಚ್ಚುವುದೇ ಇಲ್ಲ. ಆದರೂ ಅವು ಅದರ ಹೊಟ್ಟೆಯನ್ನು ಸೇರುತ್ತವೆ. ದಿನವಿಡೀ ಹೊಲದಲ್ಲಿ ದುಡಿದು ಬಂದ ಮುದುಕನು ಸಂಜೆ ಕಟ್ಟೆಯ ಮೇಲೆ ಕುಳಿತು ಮೊಣಕಾಲಿಗೆ ಡೈಕ್ಲೋಫಿನ್ಯಾಕ್ ಎಂಬ ನೋವಿನ ಔಷಧವಿರುವ ಲೇಪವನ್ನು ಹಚ್ಚಿಕೊಳ್ಳುತ್ತಾನೆ. ನಾಯಿಯು ಹತ್ತಿರ ಬಂದು ಒಡೆಯನ ಮೊಣಕಾಲನ್ನು ನೆಕ್ಕುತ್ತದೆ. ಇದು ಅದರ ಪ್ರೀತಿಯ ಭಾಷೆ. ಮುದುಕನೂ ಅದರ ತಲೆಯನ್ನು ಸವರುತ್ತಾನೆ. ಇಬ್ಬರ ಪ್ರೀತಿಯ ನಡುವೆ ವಿಷವು ಸದ್ದಿಲ್ಲದೆ ದಾಟಿಹೋಗುತ್ತದೆ. ಈ ಔಷಧವು ನಾಯಿಯ ಜಠರದಲ್ಲಿ ಹುಣ್ಣನ್ನು ಮಾಡಿ, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಹೀಗೆಯೇ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಬಳಸುವ, ಡಿ ಜೀವಸತ್ವದ ಗುಣವುಳ್ಳ ಲೇಪವನ್ನು ನಾಯಿಯು ತಿಂದರೆ ಅದರ ರಕ್ತದಲ್ಲಿ ಸುಣ್ಣದ ಅಂಶವು ಮಿತಿಮೀರಿ ಏರಿ ಮೂತ್ರಪಿಂಡಗಳು ಸೋಲುತ್ತವೆ. ಚರ್ಮದ ಕ್ಯಾನ್ಸರಿಗೆ ಹಚ್ಚುವ ಫ್ಲೋರೋಯುರಾಸಿಲ್ ಎಂಬ ಲೇಪವು ಇನ್ನೂ ಭಯಂಕರವಾದುದು. ಅದನ್ನು ಕಚ್ಚಿ ತಿಂದ ಐದು ನಾಯಿಗಳು ಸತ್ತ ಸಂಗತಿಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿ ಜನರನ್ನು ಎಚ್ಚರಿಸಿತು. ತುರಿಕೆಯೆಂದೊಡನೆ ಹಲವರು ಕೊಳ್ಳುವ ಸ್ಟೀರಾಯ್ಡ್ ಲೇಪಗಳೂ ಬಹುಕಾಲ ಹೊಟ್ಟೆಗೆ ಸೇರುತ್ತಿದ್ದರೆ ಬಾಯಾರಿಕೆ, ಅತಿಮೂತ್ರ, ಚರ್ಮದ ತೆಳುವಾಗುವಿಕೆಗಳನ್ನು ತರುತ್ತವೆ.

ಒಂದು ಜೀವಕ್ಕೆ ಔಷಧವಾದುದು ಇನ್ನೊಂದಕ್ಕೆ ಮೃತ್ಯುವಾಗುವುದೆಂಬುದಕ್ಕೆ ನಮ್ಮ ದೇಶವೇ ಒಂದು ದೊಡ್ಡ ಪಾಠವನ್ನು ಕಲಿತಿದೆ. ಮುದುಕನ ಮೊಣಕಾಲಿನ ಲೇಪದಲ್ಲಿರುವ ಡೈಕ್ಲೋಫಿನ್ಯಾಕನ್ನೇ ಒಂದು ಕಾಲದಲ್ಲಿ ದನಗಳಿಗೂ ಧಾರಾಳವಾಗಿ ಕೊಡುತ್ತಿದ್ದರು. ದನಗಳಿಗೆ ನೋವು ಶಮನವಾಗುತ್ತಿತ್ತು. ಆದರೆ ಸತ್ತ ದನಗಳ ಮಾಂಸವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ನಿಂತುಹೋಗಿ, ಅವು ಲಕ್ಷಗಟ್ಟಲೆಯಾಗಿ ಸತ್ತುಬಿದ್ದವು. ವಿಜ್ಞಾನಿಗಳು ಕಾರಣವನ್ನು ಕಂಡುಹಿಡಿದು ೨೦೦೪ರಲ್ಲಿ ಜಗತ್ತಿಗೆ ತಿಳಿಸಿದರು. ೨೦೦೬ರಲ್ಲಿ ಭಾರತ ಸರ್ಕಾರವು ಪಶುಗಳಿಗಾಗಿ ಆ ಔಷಧವನ್ನು ತಯಾರಿಸುವುದನ್ನು ನಿಷೇಧಿಸಿತು. ಅಳಿದುಳಿದ ಹದ್ದುಗಳನ್ನು ಕಾಯುವುದಕ್ಕಾಗಿ ೨೦೧೨ರಲ್ಲಿ ನಮ್ಮ ರಾಜ್ಯದ ರಾಮದೇವರ ಬೆಟ್ಟವನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ದನಕ್ಕೆ ಒಳಿತನ್ನು ಮಾಡಹೊರಟವರಾರೂ ಹದ್ದಿಗೆ ಕೇಡನ್ನು ಬಯಸಿರಲಿಲ್ಲ. ಕೇಡು ಬಯಕೆಯಿಂದ ಆಗಲಿಲ್ಲ. ತಿಳಿವಳಿಕೆಯ ಕೊರತೆಯಿಂದ ಆಯಿತು.

ಕಜ್ಜಿ ಹತ್ತಿದ ನಾಯಿಗೆ ಯಂತ್ರಗಳಿಂದ ತೆಗೆದ ಸುಟ್ಟ ಎಣ್ಣೆಯನ್ನು ಬಳಿಯುವ ರೂಢಿಯು ಹಲವು ಊರುಗಳಲ್ಲಿದೆ. ಇದು ಮನೆಯ ಚರ್ಮಲೇಪವಲ್ಲವಾದರೂ ಇಲ್ಲಿ ಹೇಳಲೇಬೇಕಾದ ಮಾತು. ಕಜ್ಜಿಯು ಕಣ್ಣಿಗೆ ಕಾಣದ ನುಸಿಗಳಿಂದ ಬರುವ ರೋಗ. ದಪ್ಪನೆಯ ಎಣ್ಣೆಯಲ್ಲಿ ನುಸಿಗಳು ಸತ್ತಾವೆಂಬುದು ಬಳಿಯುವವರ ತರ್ಕ. ಆದರೆ ಸುಟ್ಟ ಎಣ್ಣೆಯಲ್ಲಿ ಯಂತ್ರದ ಲೋಹದ ಕಣಗಳೂ ಅನೇಕ ಕೆಟ್ಟ ರಾಸಾಯನಿಕಗಳೂ ಬೆರೆತಿರುತ್ತವೆ. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದಾಗ ಹೊಟ್ಟೆಯನ್ನೂ ಯಕೃತ್ತನ್ನೂ ಕೆಡಿಸುತ್ತದೆ, ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕು ಅಲ್ಲಿಯೂ ಹಾನಿ ಮಾಡುತ್ತದೆ. ಸೀಮೆಎಣ್ಣೆಯ ಮಾತೂ ಇಷ್ಟೇ. ಗಂಧಕವನ್ನು ಪಶುವೈದ್ಯರೂ ಬಳಸುವುದುಂಟು. ಆದರೆ ಅವರಿಗೆ ಅದರ ಪ್ರಮಾಣ ಗೊತ್ತು. ಕಜ್ಜಿಯನ್ನು ಕೆಲವೇ ವಾರಗಳಲ್ಲಿ ಗುಣಪಡಿಸುವ ಔಷಧಗಳು ಇಂದು ಪಶುವೈದ್ಯರ ಬಳಿಯಿವೆ. ಕಜ್ಜಿಯ ನುಸಿಗಳಲ್ಲಿ ಒಂದು ಬಗೆಯವು ಮನುಷ್ಯನ ಚರ್ಮಕ್ಕೂ ಹತ್ತಿ ತುರಿಕೆಯನ್ನುಂಟುಮಾಡುವುದರಿಂದ, ನಾಯಿಗೆ ಸರಿಯಾದ ಚಿಕಿತ್ಸೆ ಮಾಡಿಸುವುದು ನಮ್ಮ ಮನೆಯ ಆರೋಗ್ಯದ ದೃಷ್ಟಿಯಿಂದಲೂ ಅವಶ್ಯಕ.

ನಾಯಿಯು ಇಂತಹ ವಸ್ತುವೊಂದನ್ನು ನೆಕ್ಕಿದೆ ಇಲ್ಲವೆ ತಿಂದಿದೆ ಎಂದು ತಿಳಿದಾಗ ಮಾಡಬೇಕಾದುದೇನು? ಮೈಗೆ ಹತ್ತಿದ್ದರೆ ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಸಾಬೂನಿನಿಂದ ತೊಳೆಯಬೇಕು. ಮತ್ತೆ ನೆಕ್ಕದಂತೆ ತಡೆಯಬೇಕು. ನಾವಾಗಿ ವಾಂತಿ ಮಾಡಿಸಲು ಹೋಗಬಾರದು. ಉಪ್ಪುನೀರನ್ನು ಕುಡಿಸುವ ರೂಢಿ ಕೆಲವರಲ್ಲಿದೆ. ಅದರಿಂದ ರಕ್ತದಲ್ಲಿ ಉಪ್ಪಿನ ಅಂಶವೇರಿ ಮೊದಲಿನ ವಿಷಕ್ಕಿಂತ ದೊಡ್ಡ ಅನರ್ಥವಾಗಬಹುದು. ಹಾಲು ಕುಡಿಸಿದರೆ ವಿಷ ಇಳಿಯುತ್ತದೆಂಬ ನಂಬಿಕೆಗೂ ಆಧಾರವಿಲ್ಲ. ತಡಮಾಡದೆ ಪಶುವೈದ್ಯರನ್ನು ಕಾಣಬೇಕು. ಹೋಗುವಾಗ ಆ ಔಷಧದ ಕೊಳವೆಯನ್ನೋ ಡಬ್ಬಿಯನ್ನೋ ಜೊತೆಗೆ ಒಯ್ಯಬೇಕು; ಅದರ ಮೇಲಿನ ಬರಹವೇ ವೈದ್ಯರಿಗೆ ದಾರಿದೀಪ. ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು, ನಾಯಿಯ ತೂಕವೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಪಶುಗಳ ಸಂಚಾರಿ ಚಿಕಿತ್ಸಾ ವಾಹನಕ್ಕಾಗಿ ೧೯೬೨ ಎಂಬ ದೂರವಾಣಿ ಸಂಖ್ಯೆಯಿದೆ ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ನೆನಪಿನಲ್ಲಿಡಬೇಕು.

ಇಷ್ಟನ್ನು ಓದಿ, ಮನೆಯಲ್ಲಿರುವುದೆಲ್ಲವೂ ವಿಷವೆಂದು ಅಂಜಬೇಕಾಗಿಲ್ಲ. ಅರಿಶಿನದ ಕೈಯಿಂದ ನಾಯಿಯ ತಲೆಯನ್ನು ಸವರಿದರೆ ಅದಕ್ಕೇನೂ ಆಗದು. ಅಂಜಿಕೆ ಬೇರೆ, ಎಚ್ಚರ ಬೇರೆ. ಅಂಜಿದವನು ಎಲ್ಲವನ್ನೂ ದೂರ ಮಾಡುತ್ತಾನೆ. ಎಚ್ಚರವುಳ್ಳವನು ಯಾವುದನ್ನು ಹತ್ತಿರ ಇಡಬೇಕು, ಯಾವುದನ್ನು ಎತ್ತರದಲ್ಲಿಡಬೇಕು ಎಂಬುದನ್ನು ಅರಿಯುತ್ತಾನೆ. ಮುಲಾಮಿನ ಕೊಳವೆಯನ್ನು ಮುಚ್ಚಳ ಹಾಕಿ ಎತ್ತರದ ಮಾಡದಲ್ಲಿಡುವುದು, ಔಷಧವನ್ನು ಹಚ್ಚಿಕೊಂಡ ಅಂಗವನ್ನು ಬಟ್ಟೆಯಿಂದ ಮುಚ್ಚುವುದು, ಹಚ್ಚಿದ ಕೈಯನ್ನು ತೊಳೆದುಕೊಂಡು ನಾಯಿಯನ್ನು ಮುಟ್ಟುವುದು, ನಾಯಿಯ ಮೈಗೆ ಏನನ್ನಾದರೂ ಹಚ್ಚುವ ಮೊದಲು ಇದನ್ನು ಅದು ತಿಂದರೆ ಏನಾದೀತೆಂದು ಕೇಳಿಕೊಳ್ಳುವುದು, ಇವುಗಳಿಗೆ ಹಣ ಬೇಕಿಲ್ಲ, ಪಾಂಡಿತ್ಯ ಬೇಕಿಲ್ಲ. ತುಸು ಯೋಚನೆ ಸಾಕು.

ಪ್ರಾಣಿಗಳ ಆರೈಕೆಯೆಂಬುದು ಶಾಸ್ತ್ರವೆಂದು ನಮ್ಮ ಪೂರ್ವಿಕರು ಅರಿತಿದ್ದರು. ಹನ್ನೆರಡನೆಯ ಶತಮಾನದ ಆದಿಯಲ್ಲಿಯೇ ಚಾಲುಕ್ಯ ವಂಶದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವೆಂಬ ಗ್ರಂಥವನ್ನು ರಚಿಸಿದನು. ದನದ ರೋಗಕ್ಕೆ ದನದ ದೇಹವನ್ನೇ ನೋಡಿ ಮದ್ದು ಹೇಳಬೇಕು, ಮನುಷ್ಯನ ಮದ್ದನ್ನು ಅದರ ಮೇಲೆ ಹೇರಬಾರದು ಎಂಬ ವಿವೇಕವಿಲ್ಲದೆ ಅಂತಹ ಗ್ರಂಥವೊಂದು ಹುಟ್ಟುತ್ತಿರಲಿಲ್ಲ. ಅದೇ ವಿವೇಕವನ್ನು ನಾವು ನಾಯಿಗೂ ಸಲ್ಲಿಸಬೇಕಾಗಿದೆ.

ನಾಯಿಗೆ ಮಾತು ಬಾರದು. ಹಚ್ಚಿದ ಮದ್ದು ಉರಿಯುತ್ತಿದೆಯೆಂದು ಅದು ಹೇಳಲಾರದು. ಹೊಟ್ಟೆಯಲ್ಲಿ ಸಂಕಟವಾಗುತ್ತಿದೆಯೆಂದು ದೂರಲಾರದು. ಒಡೆಯನು ಹಚ್ಚಿದ್ದನ್ನು ಒಳಿತೆಂದೇ ನಂಬಿ ನಿಂತುಕೊಳ್ಳುತ್ತದೆ. ಇಷ್ಟು ನಂಬಿದ ಜೀವದ ವಿಷಯದಲ್ಲಿ ಕರುಣೆಯೊಂದೇ ಸಾಲದು. ಕರುಣೆಗೆ ತಿಳಿವಳಿಕೆಯ ಕಣ್ಣೂ ಇರಬೇಕು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
೧. ಆತಕೂರಿನ ಶಾಸನದಲ್ಲಿ ಉಲ್ಲೇಖಗೊಂಡಿರುವ ನಾಯಿಯ ಹೆಸರೇನು?
೨. ಲೋಳೆಸರದ ಎಲೆಯ ಯಾವ ಭಾಗವು ನಾಯಿಗೆ ಹಾನಿಕರ?
೩. ಕಜ್ಜಿಯು ಯಾವುದರಿಂದ ಬರುವ ರೋಗ?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿ.
೧. ನಾಯಿಗೆ ತುಪ್ಪ ದಕ್ಕದು ಎಂಬ ಮಾತಿನಲ್ಲಿ ಲೇಖಕರು ಕಾಣುವ ಅರ್ಥವೇನು?
೨. ಸತುವಿನ ಆಕ್ಸೈಡ್ ನಾಯಿಯ ದೇಹದಲ್ಲಿ ಯಾವ ಪರಿಣಾಮಗಳನ್ನು ಉಂಟುಮಾಡುತ್ತದೆ?
೩. ನಾಯಿಯು ವಿಷವಸ್ತುವನ್ನು ತಿಂದಾಗ ಮಾಡಬಾರದ ಕೆಲಸಗಳಾವುವು?

ಇ) ವಿವರಿಸಿ.
೧. ‘ನಾಯಿಯ ಪಾಲಿಗೆ ಹಚ್ಚಿದ್ದೆಲ್ಲವೂ ತಿನ್ನಿಸಿದಂತೆಯೇ’ ಎಂಬ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.
೨. ರಣಹದ್ದುಗಳ ಪ್ರಸಂಗವು ಈ ಪಾಠದ ಆಶಯಕ್ಕೆ ಹೇಗೆ ಪೋಷಕವಾಗಿದೆ?

ಈ) ನಿಮ್ಮ ಮನೆಯಲ್ಲಿ ಚರ್ಮಕ್ಕೆ ಬಳಸುವ ಐದು ವಸ್ತುಗಳ ಹೆಸರುಗಳನ್ನು ಬರೆದು, ಅವುಗಳನ್ನು ನಾಯಿಗೆ ನಿರಪಾಯಕರವಾದವು ಮತ್ತು ಅಪಾಯಕರವಾದವು ಎಂದು ಹಿರಿಯರ ಸಹಾಯದಿಂದ ವಿಂಗಡಿಸಿ.